ವಿದ್ಯುತ್ಕೋಶದಿಂದ ಮಧುಮೇಹಿಯ ತೋಳಿನವರೆಗೆ

ಸಕ್ಕರೆ ಕಾಯಿಲೆಯ ಹೆಸರು ಕೇಳಿಬರದ ಮನೆ ಇಂದು ಪಟ್ಟಣದಲ್ಲಷ್ಟೇ ಅಲ್ಲ, ಹಳ್ಳಿಯಲ್ಲಿಯೂ ವಿರಳವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ಇವರಲ್ಲಿ ಅನುಕೂಲಸ್ಥರಾದ ಕೆಲವರು ಈಚಿನ ವರ್ಷಗಳಲ್ಲಿ ತೋಳಿನ ಹಿಂಭಾಗಕ್ಕೆ ನಾಣ್ಯದಂತಹ ಬಿಳಿಯ ಬಿಲ್ಲೆಯೊಂದನ್ನು ಅಂಟಿಸಿಕೊಂಡು ಓಡಾಡುವುದನ್ನು ಅನೇಕರು ಕಂಡಿರಬಹುದು. ಮೊಬೈಲನ್ನು ಅದರ ಸಮೀಪಕ್ಕೆ ತಂದರೆ ಸಾಕು, ದೇಹದೊಳಗಿನ ಸಕ್ಕರೆಯ ಪ್ರಮಾಣ ಪರದೆಯ ಮೇಲೆ ಮೂಡುತ್ತದೆ. ಬೆರಳನ್ನು ಚುಚ್ಚುವ ಅಗತ್ಯವಿಲ್ಲ, ರಕ್ತದ ಹನಿಯಿಲ್ಲ. ನೋಡಿದವರು ಬೆರಗಾಗುತ್ತಾರೆ, ಬೆರಗಾಗಿ, ಕೈಯಲ್ಲಿರುವ ಮೊಬೈಲನ್ನು ಹೊಗಳುತ್ತಾರೆ.

ಈ ಹೊಗಳಿಕೆ ಸಲ್ಲಬೇಕಾದ ಸ್ಥಳಕ್ಕೆ ಸಲ್ಲುತ್ತಿಲ್ಲ. ಮೊಬೈಲು ಇಲ್ಲಿ ಮಾಡುವ ಕೆಲಸ ಅಂಕಿಯನ್ನು ತೋರಿಸುವುದು ಮಾತ್ರ. ನಿಜವಾದ ಕಾರ್ಯವೆಲ್ಲ ನಡೆಯುವುದು ಬಿಲ್ಲೆಯ ಅಡಿಯಲ್ಲಿ, ಚರ್ಮದೊಳಕ್ಕೆ ಸುಮಾರು ಐದು ಮಿಲಿಮೀಟರಿನಷ್ಟು ಇಳಿದಿರುವ ಎಳೆಯೊಂದರ ಮೇಲೆ ಬಳಿದಿರುವ ತೆಳುವಾದ ರಾಸಾಯನಿಕ ಲೇಪನದಲ್ಲಿ. ಆ ಲೇಪನ ವೈದ್ಯನೊಬ್ಬನ ಆಲೋಚನೆಯಿಂದ ಹುಟ್ಟಿದ್ದಲ್ಲ, ಗಣಕಯಂತ್ರದ ತಜ್ಞನಿಂದಲೂ ಹುಟ್ಟಿದ್ದಲ್ಲ. ಬ್ಯಾಟರಿ, ಲೇಸರ್ ಮತ್ತು ಅರೆವಾಹಕಗಳ ನಡುವೆ ಕಾಲು ಶತಮಾನ ಕಳೆದ ಕೈಗಾರಿಕಾ ಸಂಶೋಧಕರೊಬ್ಬರಿಂದ ಅದು ಹುಟ್ಟಿತು. ಅವರ ಹೆಸರು ಆಡಮ್ ಹೆಲ್ಲರ್.

ಹೆಲ್ಲರ್ ಜನಿಸಿದ್ದು 1933ರಲ್ಲಿ, ರುಮೇನಿಯಾ ದೇಶದ ಕ್ಲೂಜ್ ನಗರದ ಯಹೂದಿ ಮನೆತನದಲ್ಲಿ. ಯೂರೋಪಿನ ಯಹೂದಿಗಳ ಪಾಲಿಗೆ ಕಾಲರಾತ್ರಿಯಾಗಿದ್ದ ಎರಡನೆಯ ಮಹಾಯುದ್ಧದ ವರ್ಷಗಳನ್ನು ದಾಟಿ ಬದುಕಿ ಉಳಿದ ಬಾಲಕ, ಮುಂದೆ ಇಸ್ರೇಲಿಗೆ ಬಂದು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿದರು. 1961ರಲ್ಲಿ ಡಾಕ್ಟರೇಟ್ ಪದವಿ ಪಡೆದ ಮೇಲೆ ಅಮೆರಿಕವನ್ನು ಸೇರಿದರು. 1964ರಿಂದ 1975ರವರೆಗೆ ಅವರು ದುಡಿದದ್ದು ಜಿ.ಟಿ.ಇ. ಎಂಬ ದೂರವಾಣಿ ಉದ್ಯಮದ ಪ್ರಯೋಗಾಲಯದಲ್ಲಿ. ಅನಂತರ 1988ರವರೆಗೆ ಮತ್ತೊಂದು ದೂರವಾಣಿ ಸಂಸ್ಥೆಗೆ ಸೇರಿದ ಸುಪ್ರಸಿದ್ಧ ಬೆಲ್ ಪ್ರಯೋಗಾಲಯದಲ್ಲಿದ್ದು, ಅಲ್ಲಿನ ಎಲೆಕ್ಟ್ರಾನಿಕ್ ವಸ್ತುಗಳ ಸಂಶೋಧನಾ ವಿಭಾಗದ ಮುಖ್ಯಸ್ಥರೂ ಆದರು. ಈ ಅವಧಿಯಲ್ಲಿ ಮಧುಮೇಹವು ಅವರ ಉದ್ಯೋಗದ ಯಾವ ಪತ್ರದಲ್ಲಿಯೂ ಬರೆದಿದ್ದ ಕರ್ತವ್ಯವಾಗಿರಲಿಲ್ಲ.

ಅವರ ಆರಂಭದ ಕೆಲಸಗಳನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 1966ರಲ್ಲಿ ಅವರು ದ್ರವರೂಪದ ಲೇಸರೊಂದನ್ನು ನಿರ್ಮಿಸಿದರು. ನಿಯೋಡಿಮಿಯಂ ಎಂಬ ಧಾತುವಿನ ಅಯಾನುಗಳನ್ನು ಸೆಲೆನಿಯಂ ಆಕ್ಸಿಕ್ಲೋರೈಡ್ ಎಂಬ ಉಗ್ರವಾದ ದ್ರವದಲ್ಲಿ ಕರಗಿಸಿ ಪಡೆದ ಲೇಸರ್ ಅದು. ಏಳು ವರ್ಷಗಳ ತರುವಾಯ, 1973ರಲ್ಲಿ, ಹೆಲ್ಲರ್ ಮತ್ತು ಅವರ ಸಹೋದ್ಯೋಗಿಗಳು ಹೊಸ ಬಗೆಯ ವಿದ್ಯುತ್ಕೋಶವನ್ನು ಪ್ರಕಟಿಸಿದರು. ಅದರಲ್ಲಿ ಬಳಸಿದ ಥಯೋನಿಲ್ ಕ್ಲೋರೈಡ್ ಕೂಡ ಅದೇ ಆಕ್ಸಿಕ್ಲೋರೈಡ್ ಕುಲಕ್ಕೆ ಸೇರಿದ ದ್ರವ. ಒಂದರಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ಆಡಿತೆಂದರೆ ತಪ್ಪಾಗಲಾರದು. ಲಿಥಿಯಂ ಲೋಹವು ನೀರಿನೊಡನೆಯೂ ತೇವದ ಗಾಳಿಯೊಡನೆಯೂ ಸುಮ್ಮನಿರುವಂಥದ್ದಲ್ಲ. ಅದನ್ನು ಥಯೋನಿಲ್ ಕ್ಲೋರೈಡಿನಲ್ಲಿ ಮುಳುಗಿಸಿಟ್ಟರೆ ಎರಡೂ ಕೂಡಿ ಅನಾಹುತವಾಗಬೇಕೆಂದೇ ಯಾರಾದರೂ ಊಹಿಸಿಯಾರು. ಆದರೆ ಲೋಹವು ದ್ರವವನ್ನು ಮುಟ್ಟಿದ ಕೂಡಲೇ ಅದರ ಮೈಮೇಲೆ ಲಿಥಿಯಂ ಕ್ಲೋರೈಡಿನ ತೆಳುಪೊರೆ ಕಟ್ಟುತ್ತದೆ. ಆ ಪೊರೆ ಕಾವಲುಗಾರನಂತೆ ನಿಂತು ಮುಂದಿನ ಕ್ರಿಯೆಯನ್ನು ತಡೆಯುತ್ತದೆ. ಕರೆಂಟು ಬೇಕಾದಾಗ ಮಾತ್ರ ಅಯಾನುಗಳಿಗೆ ದಾರಿ ಬಿಡುತ್ತದೆ. ಹೀಗಾಗಿ 3.6 ವೋಲ್ಟಿನ ಈ ಕೋಶ ಹತ್ತು ವರ್ಷಕ್ಕೂ ಮೀರಿ ಕೆಡದೆ ಕುಳಿತಿರಬಲ್ಲದು. ಮಾಪಕಯಂತ್ರಗಳಲ್ಲಿಯೂ ಸೈನ್ಯದ ಸಲಕರಣೆಗಳಲ್ಲಿಯೂ ಅದು ಇಂದಿಗೂ ಬಳಕೆಯಲ್ಲಿದೆ.

ಬೆಲ್ ಪ್ರಯೋಗಾಲಯದಲ್ಲಿ ಇದೇ ಮನೋಧರ್ಮ ಸೂರ್ಯಶಕ್ತಿಯ ಕಡೆಗೆ ಹರಿಯಿತು. ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕವನ್ನು ದ್ರವದಲ್ಲಿಟ್ಟು ಬಿಸಿಲಿನಿಂದ ವಿದ್ಯುತ್ತು ಪಡೆಯುವ ಪ್ರಯತ್ನದಲ್ಲಿ, ಅದರ ಮೇಲ್ಮೈಗೆ ರುಥೇನಿಯಂ ಅಯಾನುಗಳನ್ನು ಲೇಶಮಾತ್ರ ಸವರಿದಾಗ ದಕ್ಷತೆ ಶೇಕಡಾ 12ಕ್ಕೆ ಏರಿತೆಂದು 1978ರಲ್ಲಿ ಹೆಲ್ಲರ್ ತಂಡ ವರದಿ ಮಾಡಿತು. ಸವರಿದ ರುಥೇನಿಯಂ ಒಂದು ಪರಮಾಣುವಿನ ದಪ್ಪದ ಪೂರ್ಣ ಪದರವೂ ಆಗಿರಲಿಲ್ಲ! ಎರಡು ವಸ್ತುಗಳು ಸಂಧಿಸುವ ಗಡಿಯಲ್ಲಿ ಎಲೆಕ್ಟ್ರಾನು ದಾಟುವುದೋ ದಾಟದೋ ಎಂಬುದನ್ನು ಅಲ್ಲಿರುವ ಅತಿ ತೆಳುವಾದ ಪದರವೇ ನಿರ್ಧರಿಸುತ್ತದೆ. ಬ್ಯಾಟರಿಯಲ್ಲಿ ಕಲಿತದ್ದೂ ಇದೇ, ಸೌರಕೋಶದಲ್ಲಿ ಕಲಿತದ್ದೂ ಇದೇ.

ಇನ್ನು ಮಧುಮೇಹದ ಮಾತಿಗೆ ಬರಬಹುದು. ರಕ್ತದಲ್ಲಿರುವ ಅನೇಕ ಪದಾರ್ಥಗಳ ನಡುವೆ ಗ್ಲೂಕೋಸನ್ನು ಮಾತ್ರ ಗುರುತಿಸಿ ಹಿಡಿಯುವ ಕಿಣ್ವವೊಂದಿದೆ. ಗ್ಲೂಕೋಸ್ ಆಕ್ಸಿಡೇಸ್ ಎಂದು ಅದರ ಹೆಸರು. ಇದನ್ನು ವಿದ್ಯುದಗ್ರದೊಡನೆ, ಅಂದರೆ ಶಾಲೆಯ ಮಕ್ಕಳೂ ಬಲ್ಲ ಎಲೆಕ್ಟ್ರೋಡಿನೊಡನೆ, ಜೋಡಿಸಬಹುದೆಂಬ ವಿಚಾರವನ್ನು 1962ರಲ್ಲಿ ಅಮೆರಿಕದ ಲೆಲೆಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಮುಂದಿಟ್ಟರು. ಕಿಣ್ವವು ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಕಸಿದು ಆಮ್ಲಜನಕಕ್ಕೆ ಕೊಡುತ್ತದೆ; ಎಷ್ಟು ಆಮ್ಲಜನಕ ಖರ್ಚಾಯಿತೆಂದು ಅಳೆದರೆ ಎಷ್ಟು ಗ್ಲೂಕೋಸಿತ್ತೆಂದು ತಿಳಿಯುತ್ತದೆ. ಪ್ರಯೋಗಾಲಯದ ಮೇಜಿನ ಮೇಲೆ ಇದು ಚೆನ್ನಾಗಿ ನಡೆಯಿತು. ಆದರೆ ಚರ್ಮದ ಅಡಿಯಲ್ಲಿ ಆಮ್ಲಜನಕವು ಗ್ಲೂಕೋಸಿಗಿಂತ ಬಹಳ ಕಡಿಮೆ. ಸಾಲದ ಆಮ್ಲಜನಕದಿಂದ ಸಕ್ಕರೆಯನ್ನು ಅಳೆಯಹೊರಟರೆ ಲೆಕ್ಕ ತಪ್ಪುವುದು ಖಂಡಿತ. ಹಾಗಾದರೆ ಆಮ್ಲಜನಕವನ್ನು ಬಿಟ್ಟು ಕಿಣ್ವದಿಂದ ಎಲೆಕ್ಟ್ರಾನುಗಳನ್ನು ನೇರವಾಗಿ ವಿದ್ಯುದಗ್ರವೇ ಏಕೆ ಪಡೆಯಬಾರದು? ಏಕೆಂದರೆ ಆ ಎಲೆಕ್ಟ್ರಾನುಗಳಿರುವ ಸ್ಥಾನ ಕಿಣ್ವದ ಗರ್ಭದಲ್ಲಿದೆ. ಸುತ್ತಲೂ ಪ್ರೋಟೀನಿನ ದಪ್ಪಗೋಡೆ. ಒಳಗಿನ ಎಲೆಕ್ಟ್ರಾನಿಗೆ ಅಷ್ಟು ದೂರ ನೆಗೆಯುವ ಶಕ್ತಿಯಿಲ್ಲ.

ಗೋಡೆಯನ್ನು ದಾಟಿಸಲು ಮಧ್ಯವರ್ತಿಯನ್ನು ಇಡುವ ಉಪಾಯವನ್ನು ಇಂಗ್ಲೆಂಡಿನ ವಿಜ್ಞಾನಿಗಳು 1984ರಲ್ಲಿ ತೋರಿಸಿಕೊಟ್ಟರು. ಫೆರೋಸೀನ್ ವರ್ಗದ ಚಿಕ್ಕ ಅಣುಗಳು ಕಿಣ್ವದ ಬಳಿಗೆ ತೇಲಿಹೋಗಿ ಎಲೆಕ್ಟ್ರಾನನ್ನು ಹೊತ್ತು ತಂದು ವಿದ್ಯುದಗ್ರಕ್ಕೆ ಒಪ್ಪಿಸುತ್ತವೆ. ರಕ್ತದ ಹನಿಯನ್ನು ಹಾಕಿ ನೋಡಿ ಎಸೆಯುವ ಪಟ್ಟಿಗಳಿಗೆ ಇದು ವರವಾಯಿತು. ಆದರೆ ತೇಲುವ ಅಣು ದೇಹದೊಳಗೆ ಒಂದೆಡೆ ನಿಲ್ಲಲಾರದು. ಗಂಟೆಗಳು ಕಳೆದಂತೆ ಸೋರಿ ಹೋಗುತ್ತದೆ. ದಿನಗಟ್ಟಲೆ ದೇಹದಲ್ಲಿದ್ದು ದುಡಿಯಬೇಕಾದ ಉಪಕರಣಕ್ಕೆ ಬೇರೆಯೇ ದಾರಿ ಬೇಕಾಗಿತ್ತು.

ಬೆಲ್ ಪ್ರಯೋಗಾಲಯದಲ್ಲಿ ಹೆಲ್ಲರ್ ಮತ್ತು ಯಿನಾನ್ ದೆಗಾನಿ ಕಂಡುಕೊಂಡದ್ದು ಈ ದಾರಿಯನ್ನೇ. 1987ರಲ್ಲಿ ಅವರು ಮಧ್ಯವರ್ತಿಯ ಅಣುಗಳನ್ನು ಕಿಣ್ವದ ಮೈಗೇ ಬೆಸೆದು, ಎಲೆಕ್ಟ್ರಾನು ನೇರವಾಗಿ ಹೊರಬರುವಂತೆ ಮಾಡಿ ತೋರಿಸಿದರು. ತರುವಾಯ ಆಸ್ಮಿಯಂ ಎಂಬ ಲೋಹದ ಸಂಯುಕ್ತಗಳನ್ನು ಪಾಲಿಮರಿನ ಉದ್ದನೆಯ ಸರಪಳಿಗೆ ಕಟ್ಟಿ, ಆ ಸರಪಳಿಗಳು ಕಿಣ್ವವನ್ನು ಸುತ್ತುವರಿದು ಹಿಡಿಯುವಂತೆ ಮಾಡಲಾಯಿತು. ಸರಪಳಿಗಳನ್ನು ಪರಸ್ಪರ ಹೆಣೆದಾಗ ನೀರನ್ನು ಹೀರಿ ಉಬ್ಬುವ ಲೋಳೆಯಂತಹ ಜಾಲವಾಗುತ್ತದೆ. ಗ್ಲೂಕೋಸು ಅದರೊಳಗೆ ಸುಲಭವಾಗಿ ನುಸುಳುತ್ತದೆ. ಕಿಣ್ವವಾಗಲಿ ಆಸ್ಮಿಯಂ ಆಗಲಿ ಹೊರಗೆ ಹೋಗಲಾರದು. ಕೊಟ್ಟಿಗೆಯಲ್ಲಿ ಸಾಲಾಗಿ ಗೂಟಕ್ಕೆ ಕಟ್ಟಿದ ಕರುಗಳನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ. ಯಾವ ಕರುವೂ ಗೂಟವನ್ನು ಬಿಟ್ಟು ಹೋಗದು, ಆದರೆ ಹಗ್ಗದ ಅಳತೆಯಲ್ಲಿ ಅತ್ತಿತ್ತ ಆಡುತ್ತ ಪಕ್ಕದ ಕರುವನ್ನು ಮುಟ್ಟಬಲ್ಲದು. ಹಾಗೆಯೇ ಕಟ್ಟಿಹಾಕಿದ ಆಸ್ಮಿಯಂ ಸಂಯುಕ್ತಗಳು ಒಂದನ್ನೊಂದು ತಾಕುತ್ತ, ಕಿಣ್ವದ ಗರ್ಭದಿಂದ ಬಂದ ಎಲೆಕ್ಟ್ರಾನನ್ನು ಒಂದರಿಂದ ಒಂದಕ್ಕೆ ದಾಟಿಸಿ ವಿದ್ಯುದಗ್ರಕ್ಕೆ ಮುಟ್ಟಿಸುತ್ತವೆ. ಕಿಣ್ವಕ್ಕೆ ತಂತಿ ಎಳೆಯುವ ಕೆಲಸವೆಂದು ವಿಜ್ಞಾನಿಗಳು ಇದನ್ನು ಕರೆದರು. ಊರಿಗೆ ವಿದ್ಯುತ್ತಿನ ತಂತಿ ಎಳೆದ ಹಾಗೆಯೇ ಸರಿ. ಕಂಬಗಳ ಎತ್ತರ ಮಾತ್ರ ಕಣ್ಣಿಗೆ ಕಾಣದಷ್ಟು.

1988ರಲ್ಲಿ ಹೆಲ್ಲರ್ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರಕ್ಕೆ ಪ್ರಾಧ್ಯಾಪಕರಾಗಿ ತೆರಳಿ ಈ ಸಂಶೋಧನೆಯನ್ನು ಮುಂದುವರಿಸಿದರು. 1996ರಲ್ಲಿ ಮಗ ಎಫ್ರೈಮ್ ಜೊತೆಗೂಡಿ ಥೆರಾಸೆನ್ಸ್ ಎಂಬ ಉದ್ಯಮ ಆರಂಭವಾಯಿತು. ಅಲ್ಲಿಂದ ಮೊದಲು ಹೊರಬಂದದ್ದು ಬಿಲ್ಲೆಯಲ್ಲ, ಫ್ರೀಸ್ಟೈಲ್ ಎಂಬ ರಕ್ತಪರೀಕ್ಷೆಯ ಸಾಧನ. 2000ದಲ್ಲಿ ಬಂದ ಈ ಸಾಧನಕ್ಕೆ ಬೇಕಾದ ರಕ್ತ ಒಂದು ಮೈಕ್ರೋಲೀಟರಿನ ಹತ್ತರಲ್ಲಿ ಮೂರು ಪಾಲು ಮಾತ್ರ. ಅಂದಿನ ಇತರ ಸಾಧನಗಳು ಒಂದು ಕ್ಷಣದಲ್ಲಿ ಹರಿಯುವ ಕರೆಂಟನ್ನು ಅಳೆಯುತ್ತಿದ್ದವು. ಸೆಖೆ ಚಳಿಗಳಿಗೆ ತಕ್ಕಂತೆ ಆ ವೇಗ ಬದಲಾಗುತ್ತಿತ್ತು. ಇಲ್ಲಾದರೋ ಅತ್ಯಂತ ತೆಳುವಾದ, ಅಳತೆ ಗೊತ್ತಿರುವ ಕೋಣೆಯೊಳಗೆ ರಕ್ತವನ್ನು ತುಂಬಿ ಅದರಲ್ಲಿದ್ದ ಗ್ಲೂಕೋಸಿನಿಂದ ಬರುವ ಎಲೆಕ್ಟ್ರಾನುಗಳ ಒಟ್ಟು ಮೊತ್ತವನ್ನೇ ಎಣಿಸಲಾಯಿತು. ಜೋಳ ಎಷ್ಟು ವೇಗವಾಗಿ ಸುರಿಯಿತೆಂದು ನೋಡದೆ, ಸುರಿದ ರಾಶಿಯನ್ನು ಕೊಳಗದಿಂದ ಅಳೆದಂತೆ. ರಕ್ತ ಇಷ್ಟು ಕಡಿಮೆ ಸಾಕಾದುದರಿಂದ ನರತಂತುಗಳು ದಟ್ಟವಾಗಿರುವ ಬೆರಳ ತುದಿಯನ್ನು ಬಿಟ್ಟು, ನೋವು ಕಡಿಮೆಯಿರುವ ಮುಂಗೈಯಿಂದಲೂ ಅದನ್ನು ಪಡೆಯಲು ಸಾಧ್ಯವಾಯಿತು. ದಿನಕ್ಕೆ ನಾಲ್ಕು ಸಲ ಬೆರಳನ್ನು ಚುಚ್ಚಿಕೊಂಡವರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ.

2004ರಲ್ಲಿ ಅಬಾಟ್ ಎಂಬ ದೊಡ್ಡ ಔಷಧ ಸಂಸ್ಥೆ ಥೆರಾಸೆನ್ಸನ್ನು ಕೊಂಡಿತು. ಆಸ್ಮಿಯಂ ಜಾಲವನ್ನು ಆಧಾರವಾಗಿಟ್ಟುಕೊಂಡ ಧರಿಸುವ ಸಂವೇದಕ, ಅನೇಕ ಇಂಜಿನಿಯರರ ದುಡಿಮೆಯ ಫಲವಾಗಿ, 2014ರಲ್ಲಿ ಲಿಬ್ರೆ ಎಂಬ ಹೆಸರಿನಿಂದ ಯೂರೋಪಿನಲ್ಲಿಯೂ 2017ರಲ್ಲಿ ಅಮೆರಿಕದಲ್ಲಿಯೂ ಬಳಕೆಗೆ ಬಂತು. 14 ದಿನ ತೋಳಿನ ಮೇಲೆ ಉಳಿಯುವ ಈ ಬಿಲ್ಲೆಯನ್ನು ಕಾರ್ಖಾನೆಯಲ್ಲಿಯೇ ಸರಿಹೊಂದಿಸಿ ಕಳುಹಿಸುವುದರಿಂದ, ಅದರ ಲೆಕ್ಕ ಸರಿಯೇ ಎಂದು ಬೆರಳು ಚುಚ್ಚಿ ತಾಳೆ ನೋಡುವ ನಿತ್ಯದ ಕೆಲಸವೂ ತಪ್ಪಿತು. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಟೈಪ್ 1 ಮಧುಮೇಹಿಗಳು ಇದನ್ನು ಧರಿಸಿದಾಗ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿರುವ ಅವಧಿ ಶೇಕಡಾ 38ರಷ್ಟು ತಗ್ಗಿತು. ಹೆಲ್ಲರ್ ಅವರಿಗೆ ಅಮೆರಿಕ ದೇಶವು 2007ನೇ ಸಾಲಿನ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು ನೀಡಿ ಗೌರವಿಸಿತು.

ಬಿಲ್ಲೆಗೆ ದೋಷಗಳಿಲ್ಲವೆಂದು ಹೇಳುವಂತಿಲ್ಲ. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಆದ್ದರಿಂದ ಸಕ್ಕರೆ ಬೇಗ ಏರಿಳಿಯುವಾಗ ಅಂಕಿ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಸಿ ಜೀವಸತ್ವವನ್ನು ದಿನಕ್ಕೆ 500 ಮಿಲಿಗ್ರಾಮಿಗಿಂತ ಹೆಚ್ಚಾಗಿ ಸೇವಿಸುವವರಲ್ಲಿ ಕೆಲವು ಮಾದರಿಗಳು ಇಲ್ಲದ ಸಕ್ಕರೆಯನ್ನು ತೋರಿಸಬಹುದೆಂದು ತಯಾರಕರೇ ಎಚ್ಚರಿಸಿದ್ದಾರೆ. ರೋಗಿಯ ಅನುಭವಕ್ಕೂ ಅಂಕಿಗೂ ತಾಳೆಯಾಗದಿದ್ದಾಗ ಬೆರಳ ರಕ್ತವನ್ನೇ ನಂಬಬೇಕು.

ಇಷ್ಟು ದೀರ್ಘವಾಗಿ ರಸಾಯನಶಾಸ್ತ್ರವನ್ನು ಹೇಳಿದುದಕ್ಕೆ ಕಾರಣವಿದೆ. ಚರ್ಮವನ್ನು ಚುಚ್ಚದೆ, ಕೇವಲ ಮಣಿಕಟ್ಟಿಗೆ ಕಟ್ಟಿಕೊಂಡರೆ ಸಕ್ಕರೆ ತಿಳಿಸುತ್ತದೆಂಬ ಗಡಿಯಾರಗಳೂ ಉಂಗುರಗಳೂ ಇಂದು ಜಾಹೀರಾತುಗಳಲ್ಲಿ ಮೆರೆಯುತ್ತಿವೆ. ಅಂತಹ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಅನುಮತಿ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಸಾರ್ವಜನಿಕವಾಗಿ ಎಚ್ಚರಿಸಿತು. ಹಿಂದೆ ಪ್ರಾಮಾಣಿಕವಾದ ಪ್ರಯತ್ನವೊಂದು ನಡೆದಿತ್ತು. 2001ರಲ್ಲಿ ಅಲ್ಲಿ ಅನುಮತಿ ಪಡೆದ ಗ್ಲೂಕೋವಾಚ್ ಎಂಬ ಕೈಗಡಿಯಾರ, ಸಣ್ಣ ಕರೆಂಟು ಹರಿಸಿ ಚರ್ಮದ ಮೂಲಕ ದ್ರವವನ್ನು ಸೆಳೆದು ಸಕ್ಕರೆಯನ್ನು ಅಳೆಯುತ್ತಿತ್ತು. ಧರಿಸಿದವರ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಗ್ಲೂಕೋಸಿಗೂ ವಿದ್ಯುದಗ್ರಕ್ಕೂ ನಡುವೆ ಏನು ನಡೆಯುತ್ತದೆಂದು ಕೇಳಬಲ್ಲವನು ಸುಳ್ಳು ಗಡಿಯಾರಕ್ಕೆ ಹಣ ತೆತ್ತು, ಅದರ ಅಂಕಿ ನೋಡಿ ಇನ್ಸುಲಿನ್ ತೆಗೆದುಕೊಳ್ಳುವ ಗಂಡಾಂತರಕ್ಕೆ ಬೀಳಲಾರ. ಈ ಪ್ರಶ್ನೆಯನ್ನು ಕೇಳುವ ಅಭ್ಯಾಸ ಮಗುವಿಗೆ ಬರುವುದು ಶಾಲೆಯ ರಸಾಯನಶಾಸ್ತ್ರದ ಮೇಜಿನ ಬಳಿಯಲ್ಲಿ, ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಎರಡು ತಂತಿಗಳನ್ನು ಅದ್ದಿ ನೋಡಿದ ದಿನ. ದಾನಿಗಳು ಕಂಪ್ಯೂಟರ್ ಕೊಠಡಿಗೆ ಉದಾರವಾಗಿ ಕೊಡುತ್ತಾರೆ, ಅದು ಸ್ತುತ್ಯವೇ. ಬ್ಯೂರೆಟ್ಟು, ಬೀಕರು, ತಂತಿ, ಲವಣಗಳಿಗೆಂದು ಕೊಡುವವರು ಎಷ್ಟು ಮಂದಿ? ಒಡೆದುಹೋಗುವ ಗಾಜಿನ ಮೇಲೆ ಹೆಸರು ಕೆತ್ತಿಸಲಾಗದೆಂಬುದೇ ಇದಕ್ಕೆ ಕಾರಣವಾಗಿರಬಾರದು.

ಕೈಗಾರಿಕೆಯ ಪ್ರಯೋಗಾಲಯಗಳ ಬಗ್ಗೆಯೂ ಒಂದು ಮಾತಿದೆ. ಉದ್ಯಮವು ಲಾಭಕ್ಕಾಗಿ ಮಾತ್ರ ಸಂಶೋಧನೆ ನಡೆಸುತ್ತದೆ, ಶುದ್ಧವಾದ ಜ್ಞಾನ ವಿಶ್ವವಿದ್ಯಾಲಯದಲ್ಲಿಯೇ ಬೆಳೆಯಬೇಕು ಎಂಬ ನಂಬಿಕೆ ಅಧ್ಯಾಪಕರಲ್ಲಿ ಬೇರೂರಿದೆ. ಹೆಲ್ಲರ್ ಅವರ ಬಾಳು ಈ ನಂಬಿಕೆಯನ್ನು ಅಲುಗಿಸುತ್ತದೆ. ದೂರವಾಣಿಯ ಏಕಸ್ವಾಮ್ಯದಿಂದ ಬಂದ ಹಣ ಬೆಲ್ ಪ್ರಯೋಗಾಲಯಕ್ಕೆ ಹತ್ತಾರು ವರ್ಷಗಳ ತಾಳ್ಮೆಯನ್ನು ಕೊಟ್ಟಿತ್ತು. ಲೋಹಶಾಸ್ತ್ರಜ್ಞ, ಭೌತಶಾಸ್ತ್ರಜ್ಞ, ರಸಾಯನಶಾಸ್ತ್ರಜ್ಞ ಒಂದೇ ಸೂರಿನಡಿ ದುಡಿಯುತ್ತಿದ್ದರು. ಅರೆವಾಹಕದ ವಿಭಾಗದ ಮುಖ್ಯಸ್ಥರೊಬ್ಬರು ಕಿಣ್ವವನ್ನು ಕೈಗೆತ್ತಿಕೊಂಡರೆ ಅದಕ್ಕೆ ಅಡ್ಡಿ ಬರಲಿಲ್ಲ. ಇದೇ ಮನುಷ್ಯ ಪ್ರತಿ ತ್ರೈಮಾಸಿಕದಲ್ಲಿ ಲೆಕ್ಕ ಒಪ್ಪಿಸಬೇಕಾದ ಸ್ಥಳದಲ್ಲಿದ್ದರೆ, ಅಥವಾ ತನ್ನ ವಿಷಯದ ಗೆರೆಯನ್ನು ದಾಟಿದರೆ ಬಡ್ತಿ ಕಳೆದುಕೊಳ್ಳುವ ವಿದ್ಯಾಪೀಠದಲ್ಲಿದ್ದರೆ, ಆಸ್ಮಿಯಂ ಜಾಲ ಹುಟ್ಟುತ್ತಿತ್ತೆಂದು ನಂಬುವುದು ಕಷ್ಟ. 1984ರಲ್ಲಿ ಆ ದೂರವಾಣಿ ಏಕಸ್ವಾಮ್ಯ ಒಡೆದುಹೋಯಿತು. ಗ್ರಾಹಕನಿಗೆ ಅದರಿಂದ ಒಳಿತೇ ಆಗಿರಬಹುದು. ಅಂತಹ ಪ್ರಯೋಗಾಲಯ ಮಾತ್ರ ಮತ್ತೆ ಸುಲಭವಾಗಿ ಕಟ್ಟಲಾಗದ ವಸ್ತುವಾಯಿತು.

ಉದ್ಯಮದ ಇನ್ನೊಂದು ಮುಖವನ್ನು ಮರೆಮಾಚುವುದೂ ನ್ಯಾಯವಲ್ಲ. 14 ದಿನಕ್ಕೆ ಎಸೆಯಬೇಕಾದ ಒಂದು ಬಿಲ್ಲೆಗೆ ನಮ್ಮ ದೇಶದಲ್ಲಿ ಸಾವಿರಾರು ರೂಪಾಯಿ ತೆರಬೇಕು. ಸಂಶೋಧಕನು ನೋವನ್ನು ಕಡಿಮೆ ಮಾಡಿದನು. ಬೆಲೆಯನ್ನು ಕಡಿಮೆ ಮಾಡುವ ಹೊಣೆ ಅವನ ಕೈಯಲ್ಲಿರಲಿಲ್ಲ. 2024ರಲ್ಲಿ ಅಮೆರಿಕದಲ್ಲಿ, ಕಾಯಿಲೆಯೇ ಇಲ್ಲದವರು ಊಟದ ಪರಿಣಾಮವನ್ನು ನೋಡಿಕೊಳ್ಳಲೆಂದು ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಸಂವೇದಕಗಳೂ ಬಂದವು. ಆರೋಗ್ಯವಂತನು ಕುತೂಹಲಕ್ಕೆ ಬಿಲ್ಲೆ ಧರಿಸುವುದರಲ್ಲಿ ಪಾಪವೇನಿಲ್ಲ. ಆದರೆ ಇನ್ಸುಲಿನ್ ಇಲ್ಲದೆ ಬದುಕಲಾರದ ಟೈಪ್ 1 ಮಧುಮೇಹದ ಮಗುವಿನ ತಾಯಿ, ನಿದ್ದೆಯಲ್ಲಿಯೇ ಸಕ್ಕರೆ ಕುಸಿದೀತೆಂಬ ಭಯದಿಂದ ನಡುರಾತ್ರಿ ಎದ್ದು ಮಗುವಿನ ಬೆರಳನ್ನು ಚುಚ್ಚುವಾಗ, ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡದಿರಲು ಸಾಧ್ಯವಿಲ್ಲ. ಬಿಲ್ಲೆಯ ಮುಂದಿನ ಮಾದರಿಗಳಲ್ಲಿ ಸಕ್ಕರೆ ತೀರ ಇಳಿದಾಗ ಎಚ್ಚರಿಸುವ ಸದ್ದೂ ಇದೆ. ಅದು ಯಾರ ಮನೆಯಲ್ಲಿ ಇರಬೇಕಿತ್ತೋ ಆ ಮನೆಯಲ್ಲಿ ಬಹುಮಟ್ಟಿಗೆ ಇಲ್ಲ.

ಧರ್ಮಸಂಸ್ಥೆಗಳೂ ದಾನಿಗಳೂ ಹಳೆಯ ವಿದ್ಯಾರ್ಥಿಗಳ ಸಂಘಗಳೂ ಏರ್ಪಡಿಸುವ ಉಚಿತ ತಪಾಸಣಾ ಶಿಬಿರಗಳು ಅನೇಕರಿಗೆ ತಮ್ಮ ಕಾಯಿಲೆಯ ಅರಿವನ್ನು ಮೊದಲ ಬಾರಿಗೆ ಮಾಡಿಕೊಟ್ಟಿವೆ, ಅವುಗಳನ್ನು ಕಡೆಗಣಿಸುವಂತಿಲ್ಲ. ಆದರೆ ಶಿಬಿರವು ಒಂದು ಬೆಳಗಿನ ಒಂದು ಅಂಕಿಯನ್ನು ಕಾಗದದ ಮೇಲೆ ಬರೆದು ಕೊಟ್ಟು ಮುಗಿಯುತ್ತದೆ. ಟೈಪ್ 1 ಮಗುವಿಗೆ ಒಂದು ಬೆಳಗಿನ ಅಂಕಿಯಿಂದ ಏನೂ ಆಗದು. ಅದಕ್ಕೆ ಬೇಕಾದದ್ದು ವರ್ಷಕ್ಕೆ 26 ಬಿಲ್ಲೆ. ಅಷ್ಟು ಒದಗಿಸಲಾಗದಿದ್ದಲ್ಲಿ ದಿನಕ್ಕೆ ನಾಲ್ಕು ಪರೀಕ್ಷಾ ಪಟ್ಟಿ, ತಪ್ಪದೆ ಇನ್ಸುಲಿನ್, ಮತ್ತು ಬಿಸಿಲಿನ ಊರಿನಲ್ಲಿ ಇನ್ಸುಲಿನ್ನನ್ನು ತಂಪಾಗಿಡಲು ನೆರೆಮನೆಯವರ ಫ್ರಿಜ್ಜಿನಲ್ಲಾದರೂ ಒಂದಿಷ್ಟು ಜಾಗ. ಶಾಲೆಯಲ್ಲಿ ಅಂತಹ ಮಗುವೊಂದಿದೆಯೇ ಎಂಬುದು ಸಾಮಾನ್ಯವಾಗಿ ಮೊದಲು ತಿಳಿಯುವುದು ತರಗತಿಯ ಉಪಾಧ್ಯಾಯರಿಗೆ: ಮೇಲಿಂದ ಮೇಲೆ ನೀರು ಕುಡಿಯಲು ಎದ್ದುಹೋಗುವ, ಊಟಕ್ಕೆ ಮುನ್ನ ಬೆವತು ಮಂಕಾಗುವ ಮಗು ಅವರ ಕಣ್ಣೆದುರೇ ಕುಳಿತಿರುತ್ತದೆ.